ನಾಯಿಯ ನಲವತ್ತೆರಡು ಹಲ್ಲು, ನನ್ನದೊಂದು ಚಾರ್ಟು

ನಾಯಿಯ ಬಾಯಲ್ಲಿ ಬೆರಳಿಟ್ಟು ಬದುಕುವವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು, ಹಿಂದೆ ಮಾಲೀಕರನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬರುತ್ತದೆ. ಒಂದು ವಾರ ಬರಲಿಲ್ಲವೆಂದರೆ ಮುಂದಿನ ವಾರ ಎರಡು ಬಂದೇ ಬರುತ್ತವೆ.

ನಾನಿರುವುದು ಕಾಶಿಯಲ್ಲಿ, ಶಿವಾಲ ಎಂಬ ಕೇರಿಯಲ್ಲಿ. ಹಾವೇರಿ ಕಡೆಯವಳು. ಯಜಮಾನರು ಇಲ್ಲಿ ನಮ್ಮ ಕಡೆಯ ಮಠವೊಂದರ ಗೋಶಾಲೆಯಲ್ಲಿದ್ದರು. ಅವರು ತೀರಿಕೊಂಡಾಗ, ಊರಿಗೆ ಬಂದುಬಿಡು ಎಂದು ಎಲ್ಲರೂ ಹೇಳಿದರು. ಹೇಳುವವರು ಹೆಚ್ಚಾದಷ್ಟೂ ನನಗೆ ಇಲ್ಲೇ ಇರಬೇಕೆನ್ನುವುದು ಗಟ್ಟಿಯಾಯಿತು. ಮುಖ್ಯ ರಸ್ತೆಯಲ್ಲಿದ್ದ ನಾಯಿಗಳ ದವಾಖಾನೆಯಲ್ಲಿ ನೆಲ ಒರೆಸಲು ಸೇರಿಕೊಂಡೆ. ಓದಿದ್ದು ನಾಲ್ಕನೇ ಇಯತ್ತೆ. ಹಿಂದಿಯನ್ನು ಅಂಗಡಿಗಳ ಬೋರ್ಡು ನೋಡಿ ಕಲಿತೆ, ಇಂಗ್ಲಿಷನ್ನು ಔಷಧಿ ಡಬ್ಬಿ ನೋಡಿ. ಹಾಗಾಗಿ ಇಂಗ್ಲಿಷಿನಲ್ಲಿ ‘ಹೇಗಿದ್ದೀರಿ’ ಎನ್ನುವುದಕ್ಕಿಂತ ಮೊದಲು ನನಗೆ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎನ್ನುವುದು ಬಂತು.

ದವಾಖಾನೆಯ ದೊಡ್ಡ ಡಾಕ್ಟರು ಬನಾರಸಿನವರೇ. ನಾಯಿಯ ಹಲ್ಲಿನ ಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಅವರ ಕೈಕೆಳಗೆ ನನ್ನ ಕೆಲಸ ಕಳೆದ ಹನ್ನೊಂದು ವರ್ಷದಿಂದ ಚಾರ್ಟು ಬರೆಯುವುದು. ಅರಿವಳಿಕೆ ಕೊಟ್ಟು ಮಲಗಿಸಿದ ನಾಯಿಯ ತಲೆಯ ಬಳಿ ಸ್ಟೂಲಿನಲ್ಲಿ ಕುಳಿತು, ಹಲ್ಲುಗಳನ್ನು ಒಂದೊಂದಾಗಿ ನೋಡಿ, ಯಾವುದಿಲ್ಲ, ಯಾವುದು ಮುರಿದಿದೆ, ಯಾವುದು ಅಲುಗಾಡುತ್ತದೆ ಎಂದು ಗುರುತು ಹಾಕಬೇಕು. ಆಮೇಲೆ ಡಾಕ್ಟರು ನೋಡಿ, ಚಿಕಿತ್ಸೆ ಮಾಡಿ, ಸಹಿ ಹಾಕುತ್ತಾರೆ. ಈ ಚಳಿಗಾಲದಲ್ಲಿ ಆ ಚಾರ್ಟು ನನ್ನ ಕೈತಪ್ಪಿ, ಮತ್ತೆ ಬರೀ ಒರೆಸುವ ಬಟ್ಟೆ ಹಿಡಿಯುವ ಹೊತ್ತು ಬಂದಿತ್ತು. ಅದನ್ನೂ ಹೇಳುತ್ತೇನೆ, ಆದರೆ ನಡೆದ ಕ್ರಮದಲ್ಲೇ ಹೇಳುತ್ತೇನೆ. ಇಲ್ಲಿನ ಮಾತೆಲ್ಲ ಹಿಂದಿಯಲ್ಲಿ ಆಗಿದ್ದು. ಕನ್ನಡದವರು ಆಡಿದ್ದನ್ನು ಬಿಟ್ಟು ಮಿಕ್ಕಿದ್ದನ್ನು ನಾನು ಕನ್ನಡಕ್ಕೆ ತಂದಿದ್ದೇನೆ.

೧. ಕಪಾಟಿನ ಬುರುಡೆ

ದೊಡ್ಡ ಡಾಕ್ಟರ ಕಪಾಟಿನಲ್ಲಿ ನಾಯಿಯ ತಲೆಬುರುಡೆಯೊಂದಿತ್ತು. ಅವರು ಕಾಲೇಜಿನಿಂದ ತಂದದ್ದು. ದಿನಾ ಧೂಳು ಹೊಡೆಯುವುದು ನನ್ನ ಪಾಲಿಗೆ. ಸೇರಿದ ಮೊದಲ ವರ್ಷವೇ ಒಂದು ಮಧ್ಯಾಹ್ನ, ಡಾಕ್ಟರು ಊಟಕ್ಕೆ ಹೋಗಿದ್ದಾಗ, ಅದು ಕೈಜಾರಿತು. ಬುರುಡೆಗೆ ಏನೂ ಆಗಲಿಲ್ಲ. ಆದರೆ ಒಣಗಿದ ಬುರುಡೆಯಲ್ಲಿ ಹಲ್ಲು ಸಡಿಲವಾಗಿರುತ್ತವಂತೆ, ಅದು ನನಗೆ ಗೊತ್ತಿರಲಿಲ್ಲ. ಸುಮಾರು ಇಪ್ಪತ್ತೈದು ಹಲ್ಲು ನೆಲದ ತುಂಬ ಹರಡಿದವು. ಕಪಾಟಿನಲ್ಲಿದ್ದ ಇನ್ನೊಂದು ಡಬ್ಬಿಯೂ ಬಿದ್ದು ಬಾಯಿ ತೆರೆದುಕೊಂಡಿತು.

ಕೆಲಸ ಹೋಯಿತು ಎಂದುಕೊಂಡೆ. ಆದರೆ ಒಪ್ಪಿಕೊಳ್ಳುವ ಮೊದಲು ಸರಿಮಾಡಿ ನೋಡೋಣವೆಂದು ಬಾಗಿಲು ಹಾಕಿ ಕುಳಿತೆ. ಒಂದು ಹಲ್ಲು ಎತ್ತಿದರೆ ಅದಕ್ಕೆ ಒಂದೇ ಬೇರು. ಇನ್ನೊಂದಕ್ಕೆ ಎರಡು. ಮತ್ತೊಂದಕ್ಕೆ ಮೂರು ಬೇರು, ಒಲೆಯ ಮೇಲಿಡುವ ಮುಕ್ಕಾಲಿಯ ಹಾಗೆ. ಬುರುಡೆಯಲ್ಲಿ ನೋಡಿದರೆ ಒಂದು ತೂತಿನ ಮನೆ, ಎರಡು ತೂತಿನ ಮನೆ, ಮೂರು ತೂತಿನ ಮನೆ. ಅಷ್ಟು ತಿಳಿದ ಮೇಲೆ ಉಳಿದದ್ದು ತಾಳ್ಮೆಯ ಕೆಲಸ. ಕೋರೆಹಲ್ಲು ಹೊರಗೆ ಕಾಣುವುದಕ್ಕಿಂತ ಒಳಗೇ ಉದ್ದವಾಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಮೇಲಿನ ದವಡೆಯ ಮೂರು ಬೇರಿನ ಕತ್ತರಿಹಲ್ಲು ಸರಿಯಾಗಿ ಕಣ್ಣಿನ ಗುಳಿಯ ಕೆಳಗೇ ಕೂರುತ್ತದೆ ಎಂದು ಗೊತ್ತಾದದ್ದೂ ಆವತ್ತೇ.

ಎಲ್ಲ ಕೂರಿಸಿದೆ. ಒಂದು ಹಲ್ಲು ಮಾತ್ರ ಉಳಿಯಿತು. ದಪ್ಪ, ಹಳದಿ, ಒಂದು ಕಡೆ ಕರಿ. ಬುರುಡೆಯಲ್ಲಿ ಖಾಲಿ ಮನೆಯೇ ಇಲ್ಲ. ತಿರುಗಿಸಿ, ಮಗುಚಿ, ಒತ್ತಿ ನೋಡಿದರೂ ಎಲ್ಲಿಯೂ ಹೋಗಲೊಲ್ಲದು. ಅಷ್ಟರಲ್ಲಿ ಡಾಕ್ಟರು ಬಂದರು. ನಾನು ನಿಂತು, ಬೀಳಿಸಿದ್ದು ನಿಜ, ಎಲ್ಲ ಕೂರಿಸಿದ್ದೇನೆ, ಇದೊಂದಕ್ಕೆ ಜಾಗ ಸಿಗುತ್ತಿಲ್ಲ, ನಿಮ್ಮ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ, ಕೂರಿಸಿ ಕೊಡುತ್ತೇನೆ ಎಂದೆ.

ಅವರು ಬುರುಡೆಯನ್ನು ಎತ್ತಿ ಒಂದೊಂದೇ ಹಲ್ಲು ಪರೀಕ್ಷಿಸಿದರು. ಒಂದೂ ತಪ್ಪಿರಲಿಲ್ಲ. ಕನ್ನಡಕ ತೆಗೆದು ನನ್ನ ಕೈಯಲ್ಲಿದ್ದ ಹಲ್ಲು ನೋಡಿದರು.

“ದೀದಿ, ಇದು ನನ್ನದು. ಹೋದ ವರ್ಷ ಕೀಳಿಸಿಕೊಂಡದ್ದು. ಡಬ್ಬಿಯಲ್ಲಿ ಇಟ್ಟಿದ್ದೆ.”

೨. ಹಪ್ಪಳದ ನಡುವೆ

ನಮ್ಮ ಗಲ್ಲಿಯಲ್ಲಿ ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು. ಗಂಡ ಹೆಂಡತಿ ಮತ್ತು ನಾಲ್ಕು ತಿಂಗಳ ನಾಯಿಮರಿ. ಕೆಳಗಿನ ಮನೆ ಇವರದು, ಮೇಲಿನ ಮಾಳಿಗೆ ಮನೆಯೊಡತಿಯದು. ಒಡತಿ ಮಡಿಯಲ್ಲಿ ಬಹಳ ಬಿಗಿ.

ಒಂದು ದಿನ ಸೋಫಾದ ಮೇಲೆ ಮರಿಯ ಹಾಲುಹಲ್ಲೊಂದು ಸಿಕ್ಕಿತು. ಮರಿಗಳು ಸಾಮಾನ್ಯವಾಗಿ ಬಿದ್ದ ಹಲ್ಲನ್ನು ನುಂಗಿಬಿಡುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಇವರಿಗೆ ಸಿಕ್ಕಿಬಿಟ್ಟಿತು. ಮ್ಯಾನೇಜರ ಹೆಂಡತಿಗೆ ಸಂಭ್ರಮ. ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಮಾಡಿನ ಮೇಲೆ ಎಸೆಯುತ್ತೇವಲ್ಲ, ಹಾಗೆಯೇ ಅಂಗಳದಲ್ಲಿ ನಿಂತು, ಹೊಸ ಹಲ್ಲು ಗಟ್ಟಿಯಾಗಿ ಬರಲಿ ಎಂದು ಬೇಡಿಕೊಂಡು, ಮಾಳಿಗೆಯ ಮೇಲಕ್ಕೆ ಎಸೆದರು.

ಹೋಳಿ ಹಬ್ಬಕ್ಕೆ ಹದಿನೈದು ದಿನವಿತ್ತು. ಈ ಊರಿನಲ್ಲಿ ಆಗ ಎಲ್ಲ ಮಾಳಿಗೆಗಳ ಮೇಲೂ ಆಲೂಗಡ್ಡೆ ಹಪ್ಪಳ ಒಣಗುತ್ತಿರುತ್ತದೆ. ಹಲ್ಲು ಹೋಗಿ ಹಸಿ ಹಪ್ಪಳವೊಂದರ ಮಧ್ಯೆ ನೆಟ್ಟಗೆ ಕೂತಿತು.

ಸಂಜೆ ಹಪ್ಪಳ ತೆಗೆಯಲು ಬಂದ ಒಡತಿ ಅದನ್ನು ಕಂಡು ಕೂಗಿದ ಕೂಗು ನಮ್ಮ ದವಾಖಾನೆಗೇ ಕೇಳಿಸಿತು. ಹೆಣ ಸುಡುವ ಹರಿಶ್ಚಂದ್ರ ಘಾಟ್ ಅಲ್ಲಿಂದ ಹತ್ತು ಹೆಜ್ಜೆ. ಕಾಗೆ ಅಲ್ಲಿಂದ ಯಾರದೋ ಹಲ್ಲನ್ನು ಕಚ್ಚಿ ತಂದು ನನ್ನ ಹಪ್ಪಳಕ್ಕೆ ಹಾಕಿದೆ ಎಂದು ಅವರ ತೀರ್ಮಾನ. ಹಪ್ಪಳವೆಲ್ಲ ಗಂಗೆಗೆ ಹೋಗಬೇಕು, ಮನೆ ಶುದ್ಧಿಯಾಗಬೇಕು, ಹಲ್ಲು ಯಾರದೆಂದು ತಿಳಿಯದೆ ಶಾಂತಿ ಯಾರ ಹೆಸರಿನಲ್ಲಿ ಮಾಡಿಸುವುದು ಎಂಬಲ್ಲಿಗೆ ಬಂದಿತ್ತು. ಮ್ಯಾನೇಜರ ಹೆಂಡತಿ ಓಡಿಬಂದು ನನ್ನ ಸೆರಗು ಹಿಡಿದರು. “ಅಕ್ಕಾ, ನಾವೇ ಎಸೆದದ್ದು ಅಂತ ಹೇಳೋಕೆ ಇವರಿಗೂ ಧೈರ್ಯ ಇಲ್ಲ, ನನಗೂ ಇಲ್ಲ. ನೀವೇ ಬಂದು ಏನಾದರೂ ಮಾಡಿ.”

ಹೋದೆ. ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿ, ಇದು ಸತ್ತವರದಲ್ಲ, ಬದುಕಿರುವವರದು ಎಂದೆ. ಯಾರದು ಎಂದರು ಒಡತಿ. ಕೆಳಗಿನ ಮನೆಯವರದು ಎಂದೆ. ಒಡತಿ ತಿರುಗಿ ಮ್ಯಾನೇಜರ ಮುಖ ನೋಡಿದರು. ಪಾಪ, ಅವರು ಬಾಯಿ ತೆರೆದು ಎಲ್ಲ ಹಲ್ಲೂ ತೋರಿಸಿದರು.

ಆಮೇಲೆ ನಾನು ಬಿಡಿಸಿ ಹೇಳಿದೆ. ನೋಡಿ, ಅಕ್ಕಿಕಾಳಿನಷ್ಟೇ ಇದೆ. ಬೇರು ಕರಗಿ ಬುಡ ಟೊಳ್ಳಾಗಿದೆ. ಹೊಸ ಹಲ್ಲು ಕೆಳಗಿನಿಂದ ಬಂದು ತಳ್ಳಿದಾಗ ಹೀಗೆ ಬೀಳುತ್ತದೆ. ಇದು ಮರಿಯ ಬಾಚಿಹಲ್ಲು. ಕಾಲಭೈರವನ ವಾಹನದ ಹಲ್ಲು ಎಂದು ತಿಳಿದ ಮೇಲೆ ಒಡತಿಯ ಮುಖ ಸಡಿಲವಾಯಿತು. ಒಂದೇ ಹಪ್ಪಳ ತೆಗೆದು ಪಕ್ಕಕ್ಕಿಟ್ಟರು. ಇನ್ನು ಭಯವಿಲ್ಲ ತಾನೇ ಎಂದು ಕೇಳಿದರು.

“ಭಯವೇನಿಲ್ಲ ಅಮ್ಮಾ. ಮರಿಗೆ ಒಟ್ಟು ಇಪ್ಪತ್ತೆಂಟು. ಇನ್ನು ಇಪ್ಪತ್ತೇಳು ಬೀಳಬೇಕು. ಹಪ್ಪಳದ ಮೇಲೊಂದು ಬಟ್ಟೆ ಹೊದಿಸಿ.”

೩. ಬಿಲ್ವಪತ್ರೆ

ಎಳೆಯ ನಾಯಿಯ ಬಾಚಿಹಲ್ಲಿನ ಅಂಚಿನಲ್ಲಿ ಮೂರು ಎಸಳಿರುತ್ತದೆ. ಡಾಕ್ಟರ ಪುಸ್ತಕದಲ್ಲಿ ಅದನ್ನು ಯಾವುದೋ ದೇಶದ ಹೂವಿಗೆ ಹೋಲಿಸಿದ್ದಾರೆ. ಆ ಹೂವನ್ನು ನಾನು ಕಂಡಿಲ್ಲ. ನನ್ನ ಕಣ್ಣಿಗೆ ಅದು ಬಿಲ್ವಪತ್ರೆ. ವಯಸ್ಸಾದಂತೆ ಎಸಳು ಸವೆದು ಅಂಚು ಸಪಾಟಾಗುತ್ತದೆ. ಕೆಳಗಿನವು ಮೊದಲು, ಮೇಲಿನವು ಆಮೇಲೆ.

ಸೀರೆ ಅಂಗಡಿಯ ಸೇಠ್‌ಜಿ ಒಬ್ಬರು ಕಾವಲಿಗೆಂದು ನಾಯಿ ಕೊಳ್ಳುವವರಿದ್ದರು. ಮಾರುವವನೂ ನಾಯಿಯೊಂದಿಗೆ ಬಂದಿದ್ದ. ನಾಯಿಗೆ ಈಗಷ್ಟೇ ಒಂದು ವರ್ಷ ತುಂಬಿದೆ, ಇನ್ನೂ ಬೆಳೆಯುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನಂತೆ. ಡಾಕ್ಟರು ಒಳಗೆ ಬೇರೆ ಕೆಲಸದಲ್ಲಿದ್ದರು. ನಾಯಿ ಸಾಧು. ನಾನು ತುಟಿ ಎತ್ತಿ ನೋಡಿದೆ. ಮೇಲೆ ಆರು, ಕೆಳಗೆ ಆರು, ಹನ್ನೆರಡರಲ್ಲಿ ಒಂದರ ಮೇಲೂ ಎಸಳಿಲ್ಲ.

ಇದಕ್ಕೆ ಆರೋ ಏಳೋ ವರ್ಷ ಆಗಿದೆ ಎಂದೆ. ಅವನು ನಕ್ಕ. ಈ ತಳಿ ಕಲ್ಲು ಕಡಿಯುತ್ತದೆ, ಅದಕ್ಕೆ ಸವೆದಿದೆ ಎಂದ. ಕಲ್ಲು ಕಡಿದರೆ ಒಂದೆರಡು ಮುಕ್ಕಾಗುತ್ತವೆ, ಹನ್ನೆರಡೂ ಸಾಲಾಗಿ ನಿಂತು ಸವೆಯುವುದಿಲ್ಲ ಎಂದೆ. ಅವನಿಗೆ ಸಿಟ್ಟು ಬಂತು.

“ನೀವೇನು ಡಾಕ್ಟರಾ?”

“ಅಲ್ಲಪ್ಪ. ನೆಲ ಒರೆಸುವವಳು. ನೆಲ ಒರೆಸುವವಳಿಗೇ ಇಷ್ಟು ಕಾಣುತ್ತಿದೆ. ತಡಿ, ಡಾಕ್ಟರನ್ನೂ ಕರೆಯುತ್ತೇನೆ.”

ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ನಾಯಿಯನ್ನು ಮರೆತು.

೪. ಹೊಸ ಡಾಕ್ಟರು

ಈ ಕಾರ್ತಿಕದಲ್ಲಿ ದೊಡ್ಡ ಡಾಕ್ಟರ ಮಂಡಿನೋವು ಹೆಚ್ಚಾಗಿ, ಅವರು ಹೊಸಬರೊಬ್ಬರನ್ನು ಸೇರಿಸಿಕೊಂಡರು. ಕಾಲೇಜು ಮುಗಿಸಿ ಎರಡು ವರ್ಷವಾದ ಹುಡುಗ. ಕೆಟ್ಟವರಲ್ಲ. ಆದರೆ ಮೊದಲ ದಿನವೇ ನನ್ನ ಕೈಯಲ್ಲಿ ಚಾರ್ಟು ಕಂಡು ಹುಬ್ಬು ಗಂಟಿಕ್ಕಿದರು. ಆಂಟಿ ಯಾವ ಕೋರ್ಸು ಮಾಡಿದ್ದಾರೆ ಎಂದು ದೊಡ್ಡ ಡಾಕ್ಟರನ್ನು ಕೇಳಿದರು. ಬುರುಡೆ ಬೀಳಿಸುವ ಕೋರ್ಸು ಎಂದು ದೊಡ್ಡ ಡಾಕ್ಟರು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಸರ್ಟಿಫಿಕೇಟ್ ಇಲ್ಲದವರು ಚಾರ್ಟು ಬರೆಯುವುದು ಸರಿಯಲ್ಲ ಎಂದರು. ನಾನು ಸ್ಟೂಲಿನಿಂದ ಏಳಲಿಲ್ಲ.

ಕೊನೆಗೆ ದೊಡ್ಡ ಡಾಕ್ಟರು ತೀರ್ಪು ಕೊಟ್ಟರು. ಎರಡು ತಿಂಗಳು ಇಬ್ಬರೂ ಬೇರೆಬೇರೆ ಚಾರ್ಟು ಬರೆಯಬೇಕು. ಒಬ್ಬರದನ್ನು ಒಬ್ಬರು ನೋಡಬಾರದು. ಎಕ್ಸ್‌ರೇ ತೆಗೆದ ಮೇಲೆ ಅವರು ಎರಡನ್ನೂ ಅದರ ಪಕ್ಕ ಇಟ್ಟು ನೋಡುತ್ತಾರೆ. ಎರಡು ತಿಂಗಳ ನಂತರ ಚಾರ್ಟು ಒಬ್ಬರ ಕೈಯಲ್ಲಿ ಮಾತ್ರ. ಸೋತರೆ ನಾನು ಮೊದಲಿನಂತೆ ಒರೆಸುವ ಬಟ್ಟೆ ಹಿಡಿಯಬೇಕು. ಆಗಲಿ ಎಂದೆ.

ಮೊದಲ ದಿನ ಬಂದದ್ದು ಪಗ್. ಚಪ್ಪಟೆ ಮೂಗಿನ ಈ ನಾಯಿಗೂ ಉಳಿದವುಗಳಂತೆ ನಲವತ್ತೆರಡು ಹಲ್ಲು. ಆದರೆ ದವಡೆ ಅರ್ಧ ಗೇಣು. ವಿಶ್ವನಾಥ ಗಲ್ಲಿಯಲ್ಲಿ ಗೂಳಿ ಎದುರಾದರೆ ಜನವೆಲ್ಲ ಹೇಗೆ ಅಡ್ಡತಿರುಗಿ ಗೋಡೆಗೆ ಒತ್ತಿಕೊಳ್ಳುತ್ತಾರೋ ಹಾಗೆ ಅದರ ದವಡೆಹಲ್ಲುಗಳು ಅಡ್ಡಡ್ಡ ನಿಂತಿರುತ್ತವೆ. ಒಂದರ ಬೆನ್ನಿಗೆ ಇನ್ನೊಂದು. ನಾನು ಎರಡು ಸಲ ಎಣಿಸಿ ನಲವತ್ತು ಎಂದು ಬರೆದೆ. ಹೊಸ ಡಾಕ್ಟರು ನಲವತ್ತೆರಡು ಎಂದು ಬರೆದರು. ಎಕ್ಸ್‌ರೇಯಲ್ಲಿ ನಲವತ್ತೆರಡು ಇದ್ದವು. ಎರಡು ಹಲ್ಲು ಮುಂದಿನವುಗಳ ಹಿಂದೆ ಅಡಗಿ, ಹಲ್ಲಿಗೆ ಕೊಳೆ ಗಟ್ಟಿಯಾಗಿ ಕಟ್ಟುವ ಗಾರೆಯಲ್ಲಿ ಮುಚ್ಚಿಹೋಗಿದ್ದವು.

ದೊಡ್ಡ ಡಾಕ್ಟರು ಏನು ಹೇಳುತ್ತೀರಿ ದೀದಿ ಎಂದರು. ಸೋತದ್ದು ನನಗೂ ಕಾಣುತ್ತಿತ್ತು. ಆದರೆ ಮೊದಲ ದಿನವೇ ಬಾಯಿಬಿಟ್ಟು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ.

“ನಾನು ಎಣಿಸಿದಾಗ ನಲವತ್ತೇ ಇದ್ದವು. ಇವರು ಬರುವಷ್ಟರಲ್ಲಿ ಎರಡು ಹುಟ್ಟಿರಬೇಕು.”

೫. ಹೋಳಿಗೆ ಬಿಟ್ಟ ನಾಯಿ

ಮಠದ ಅಡುಗೆಯವರು ಗದಗಿನ ಕಡೆಯವರು. ಮಠದ ನಾಯಿಯನ್ನು ಹೊತ್ತುಕೊಂಡೇ ಬಂದರು. ಮುಖ ಅಳುಮೋರೆ.

“ಯಕ್ಕಾ, ಎರಡು ದಿನಾ ಆತು ನೋಡು, ಹೋಳಿಗಿ ಮೂಸಿ ನೋಡಿ ಮಾರಿ ತಿರುಗಸ್ತೈತಿ. ಬೆಲ್ಲಾ ಸರಿ ಇಲ್ಲೇನೊ ಅಂತ ಮೂರು ಸಲ ಬ್ಯಾರೆ ಬೆಲ್ಲಾ ತಂದು ಮಾಡೀನಿ. ಏನು ತಪ್ಪಾತಪಾ ಅಂತ ಕೇಳಿದ್ರ ಬರೀ ಮುಖಾ ಕೆರಕೋತೈತಿ.”

ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು, ಜೊಲ್ಲು ಸುರಿಸುತ್ತಿತ್ತು. ಹೊಸ ಡಾಕ್ಟರು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದೆಯೇ ಎಂದು ಕೇಳಿ, ಕಾಗದ ನೋಡಿ, ಎಲ್ಲರನ್ನೂ ದೂರ ನಿಲ್ಲಿಸಿ ಕೈಗವಸು ಹಾಕಿಕೊಂಡರು. ಅದು ಸರಿಯೇ. ಹೊಟ್ಟೆಯ ತೊಂದರೆಯಿರಬೇಕು ಎಂದು ತಮ್ಮ ಚಾರ್ಟಿನಲ್ಲಿ ಬರೆದರು. ನಾನು ದೂರದಿಂದಲೇ ಟಾರ್ಚು ಬಿಟ್ಟೆ. ನಾಯಿ ಆಕಳಿಸಿದಾಗ ಅಂಗುಳದ ಮೇಲೆ ಅಡ್ಡಕ್ಕೊಂದು ಗೆರೆ ಕಂಡಿತು. ಮಠಕ್ಕೆ ಬರುವ ಯಾತ್ರಿಕರು ಬೆಳಿಗ್ಗೆ ಹಲ್ಲುಜ್ಜಿ ಎಸೆಯುವ ಬೇವಿನ ಕಡ್ಡಿ. ಅದರ ತುಂಡೊಂದು ಎರಡು ಕಡೆಯ ಕತ್ತರಿಹಲ್ಲುಗಳ ನಡುವೆ ಬಾಗಿಲಿಗೆ ಅಗಳಿ ಹಾಕಿದಂತೆ ಬಿಗಿಯಾಗಿ ಕೂತಿತ್ತು. ಚಾರ್ಟಿನಲ್ಲಿ ಒಂದು ಗೆರೆ ಎಳೆದು ಕೊಟ್ಟೆ. ಹೊಸ ಡಾಕ್ಟರು ಇಕ್ಕಳ ಹಾಕಿ ಎಳೆದರು, ಬಂತು. ಅವರ ಮುಖ ಸಣ್ಣದಾಯಿತು.

ನಾಯಿ ಅಲ್ಲೇ, ಅಡುಗೆಯವರ ಚೀಲದಲ್ಲಿದ್ದ ಹೋಳಿಗೆಯನ್ನು ಎರಡೇ ಸಲ ಬಾಯಾಡಿಸಿ ಒಳಗಿಳಿಸಿತು. ಅಡುಗೆಯವರು ನೋಡುತ್ತ ನಿಂತರು. ಅಗಿಯುವುದೇ ಇಲ್ಲವಲ್ಲ ಎಂದರು. ನಾಯಿಯ ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಹಸುವಿನ ಹಾಗೆ ಅಕ್ಕಪಕ್ಕ ಆಡುವುದಿಲ್ಲ, ಅದು ಕತ್ತರಿಸಿ ನುಂಗುವ ಬಾಯಿ ಎಂದು ತಿಳಿಸಿದೆ. ಅವರಿಗೆ ಬೇಸರವಾಯಿತು. ಹಾಗಾದರೆ ನಾನು ಹೂರಣ ಅಷ್ಟು ನುಣ್ಣಗೆ ರುಬ್ಬಿದ್ದು ಯಾರಿಗೆ ಎಂದರು. ಯಾತ್ರಿಕರಿಗೆ ಎಂದು ಸಮಾಧಾನ ಹೇಳಿದೆ.

“ಅವ್ರೂ ಹಿಂಗಾ ನುಂಗತಾರ ಯಕ್ಕಾ,” ಎಂದರು.

೬. ನೂರೆಂಟು

ಎರಡು ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಅವರದೊಂದು ಸರಿ, ನನ್ನದೊಂದು ಸರಿ ಎಂದು ಲೆಕ್ಕ ಹೆಚ್ಚುಕಡಿಮೆ ಸಮವಾಗಿಯೇ ಸಾಗಿತ್ತು. ಇನ್ನು ಬರುವ ಒಂದು ಕಷ್ಟದ ಕೇಸು ನೋಡಿ ಮುಗಿಸಿಬಿಡುತ್ತೇನೆ ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಆಗ ಬಂದದ್ದು ದೋಣಿಯ ಚಾಚಾನ ನಾಯಿ.

ಚಾಚಾ ಶಿವಾಲ ಘಾಟಿನಿಂದ ದಶಾಶ್ವಮೇಧದವರೆಗೆ ಜನರನ್ನು ಕರೆದೊಯ್ಯುವ ಮುದುಕ. ಅವನ ಕಂದು ನಾಯಿ ದೋಣಿಯ ಮೂತಿಯಲ್ಲಿ ಕೂರುತ್ತದೆ. ಯಾತ್ರಿಕರು ಗಂಗೆಯ ಚಿತ್ರಕ್ಕಿಂತ ಅದರ ಚಿತ್ರ ಹೆಚ್ಚು ತೆಗೆಯುತ್ತಾರೆ. ಅದರ ಬಲಗಣ್ಣಿನ ಕೆಳಗೆ ಒಂದು ಗಾಯ. ಊದುತ್ತದೆ, ಒಡೆಯುತ್ತದೆ, ಒಣಗುತ್ತದೆ, ಮತ್ತೆ ಊದುತ್ತದೆ. ಇಷ್ಟು ಜನ ನೋಡಿದರೆ ದೃಷ್ಟಿಯಾಗದೆ ಇರುತ್ತದೆಯೇ ಎಂದು ಘಾಟಿನವರೆಲ್ಲ ಹೇಳಿದ್ದರು. ನಾಯಿಯ ಕೊರಳಿಗೆ ಕರಿದಾರ, ದೋಣಿಗೆ ನಿಂಬೆಹಣ್ಣು ಮೆಣಸಿನಕಾಯಿ, ನಾಯಿಯ ಹಣೆಗೆ ಕಾಡಿಗೆ. ಹೊಸ ಡಾಕ್ಟರು ಕಾಡಿಗೆ ಒರೆಸಿ, ಹತ್ತು ದಿನಕ್ಕೆ ಮುಲಾಮು ಮತ್ತು ಮಾತ್ರೆ ಕೊಟ್ಟಿದ್ದರು. ಒಣಗಿತ್ತು. ಹನ್ನೆರಡನೇ ದಿನ ಮತ್ತೆ ಊದಿಕೊಂಡು ಬಂದಿತ್ತು.

ಈ ಸಲ ನಾಯಿಯನ್ನು ಮಲಗಿಸಿ ಇಬ್ಬರೂ ಚಾರ್ಟು ಬರೆದೆವು. ಚಾಚಾ ಹೊರಗೆ ಹೋಗಲು ಒಪ್ಪಲಿಲ್ಲ. ಬಾಗಿಲಲ್ಲೇ ನಿಂತ. ಹೊಸ ಡಾಕ್ಟರು ಬರೆದದ್ದು, ಹಲ್ಲು ಚೆನ್ನಾಗಿವೆ, ಕಣ್ಣಿನ ಕೆಳಗಿನ ಚರ್ಮದ ಗಾಯ ಎಂದು. ನಾನು ಬರೆದದ್ದು, ನೂರೆಂಟು ಮುರಿದಿದೆ, ಬೇರು ಕೊಳೆತಿದೆ ಎಂದು.

ನಾಯಿಯ ಹಲ್ಲುಗಳಿಗೆ ನಮ್ಮಲ್ಲಿ ಮನೆನಂಬರಿನ ಹಾಗೆ ನಂಬರು. ಬಾಯಿಯಲ್ಲಿ ನಾಲ್ಕು ಮೊಹಲ್ಲಾ, ಅಂದರೆ ಕೇರಿ. ಮೇಲಿನ ಬಲಗಡೆ ಒಂದನೇ ಮೊಹಲ್ಲಾ, ಮೇಲಿನ ಎಡಗಡೆ ಎರಡನೆಯದು, ಹೀಗೆ. ಮುಂದಿನ ಹಲ್ಲಿನಿಂದ ಹಿಂದಕ್ಕೆ ಮನೆ ಎಣಿಸಿಕೊಂಡು ಹೋಗಬೇಕು. ಒಂದನೇ ಮೊಹಲ್ಲಾದ ಎಂಟನೇ ಮನೆ ನೂರೆಂಟು. ಅದೇ ಆ ಮೂರು ಬೇರಿನ ಕತ್ತರಿಹಲ್ಲು.

ದೊಡ್ಡ ಡಾಕ್ಟರು ಎರಡು ಚಾರ್ಟೂ ಓದಿ ಕಾರಣ ಕೇಳಿದರು. ಹಲ್ಲು ಬೆಳ್ಳಗೆ ನಿಂತಿದೆ, ಅಲುಗಾಡುತ್ತಿಲ್ಲ, ಆಂಟಿ ಅದನ್ನು ಮುರಿದಿದೆ ಎನ್ನುತ್ತಾರೆ ಎಂದರು ಹೊಸ ಡಾಕ್ಟರು. ನಾನು ಮೊದಲು ನಾಯಿಯ ಎಡದವಡೆ ತೋರಿಸಿದೆ. ಹಲ್ಲೆಲ್ಲ ಸ್ವಚ್ಛ. ಆಮೇಲೆ ಬಲದವಡೆ ತೋರಿಸಿದೆ. ಗಾರೆ ಕಟ್ಟಿ ಕಂದಾಗಿದೆ.

“ತಿನ್ನುವ ಕಡೆ ಉಜ್ಜಿ ಹೋಗುತ್ತದೆ. ತಿನ್ನದ ಕಡೆ ಗಾರೆ ಕಟ್ಟುತ್ತದೆ. ತಿಂಗಳುಗಟ್ಟಲೆ ಇದು ಬಲಗಡೆ ಕಡಿದಿಲ್ಲ. ನೋವಿಲ್ಲದೆ ಯಾಕೆ ಬಿಡುತ್ತದೆ?”

ಬಾಗಿಲಲ್ಲಿದ್ದ ಚಾಚಾ, ಮಳೆಗಾಲದಿಂದಲೂ ಅದು ರೊಟ್ಟಿಯನ್ನು ತಲೆ ಓರೆ ಮಾಡಿ ತಿನ್ನುತ್ತದೆ, ನಾನು ಅದನ್ನು ಜಂಬ ಅಂದುಕೊಂಡಿದ್ದೆ ಎಂದ. ದೋಣಿಯಲ್ಲಿ ಏನು ಕಡಿಯುತ್ತದೆ ಎಂದು ಕೇಳಿದೆ. ಲಂಗರಿನ ಸರಪಳಿ ಎಂದ. ನಾನು ಕಡ್ಡಿಯಿಂದ ಗಾರೆ ಸರಿಸಿದೆ. ಹಲ್ಲಿನ ಹೊರಮೈಯಿಂದ ಒಂದು ಪದರ, ತೆಂಗಿನಕಾಯಿಯಿಂದ ಚೂರು ಎದ್ದುಬಂದಂತೆ ಹಾರಿಹೋಗಿತ್ತು.

ಎಕ್ಸ್‌ರೇ ಬಂತು. ನೂರೆಂಟರ ಬೇರುಗಳ ತುದಿಯಲ್ಲಿ, ಕಣ್ಣಿನ ಕೆಳಗೇ, ಕಪ್ಪು ಮಚ್ಚೆ. ಹೊಸ ಡಾಕ್ಟರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಚಾರ್ಟನ್ನು ಅಡ್ಡಕ್ಕೆ ಗೀಚಿ ಪಕ್ಕಕ್ಕಿಟ್ಟು, ನನ್ನದನ್ನು ಎಳೆದುಕೊಂಡರು. ಕೆಳಗೆ ‘ಹಲ್ಲು ನೋಡಿದವರು’ ಎಂಬ ಸಾಲೊಂದಿದೆ. ಹನ್ನೊಂದು ವರ್ಷದಿಂದ ಅದು ಖಾಲಿಯೇ ಹೋಗುತ್ತಿತ್ತು. ನಾನೂ ಕೇಳಿರಲಿಲ್ಲ, ಯಾರಿಗೂ ತೋಚಿರಲಿಲ್ಲ. ಹೊಸ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

“ಆಂಟಿ, ನಿಮ್ಮ ಪೂರ್ತಿ ಹೆಸರು ಹೇಳಿ.”

ಹೇಳಿದೆ. ಅವರು ಬರೆದರು. ನಮ್ಮಪ್ಪನ ಹೆಸರಿನ ಹತ್ತಿರ ತಪ್ಪು ಮಾಡಿದರು. ತಿದ್ದಿಸಿದೆ. ದೊಡ್ಡ ಡಾಕ್ಟರು, ಇನ್ನು ಮೇಲೆ ಒಂದೇ ಚಾರ್ಟು ಸಾಕು, ದೀದಿ ಬರೆಯಲಿ ಎಂದು ಹೇಳಿ, ಮಂಡಿ ಹಿಡಿದುಕೊಂಡು ಎದ್ದು ಚಹಾ ಕುಡಿಯಲು ಹೋದರು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಹಲ್ಲು ಕೀಳಬೇಕು ಎಂದಾಗ ಚಾಚಾ ಅಡ್ಡ ನಿಂತ. ಅದರ ನಂಬರು ಅವನ ಕಿವಿಗೆ ಬಿದ್ದಿತ್ತು. ನೂರೆಂಟು ಅಂದರೆ ಜಪಮಾಲೆಯ ಮಣಿ. ಕಾಶಿಯಲ್ಲಿ ನಿಂತು, ಭೈರವನ ನಾಯಿಯ ಬಾಯಿಂದ, ಬೇರೆ ಇಷ್ಟು ಹಲ್ಲಿರುವಾಗ ಆ ನೂರೆಂಟನ್ನೇ ಕೀಳುವುದೇ ಎಂದು ಕೇಳಿದ. ಎಡಗಡೆ ಅದೇ ಹಲ್ಲಿನ ಜೋಡಿ ಇದೆ, ಅದರ ನಂಬರು ಇನ್ನೂರೆಂಟು, ಅದು ಹಾಗೇ ಉಳಿಯುತ್ತದೆ, ನಿನಗೆ ನೂರು ಹೆಚ್ಚೇ ಉಳಿಯಿತಲ್ಲ ಎಂದೆ. ಚಾಚಾ ಯೋಚಿಸಿ, ಹಾಗಾದರೆ ಸರಿ ಎಂದ.

ಮೂರು ಬೇರಿನ ಹಲ್ಲನ್ನು ಇಡಿಯಾಗಿ ಎಳೆಯಲು ಬರುವುದಿಲ್ಲ. ಬೇರುಗಳು ಮೂರು ದಿಕ್ಕಿಗೆ ಹಿಡಿದುಕೊಂಡಿರುತ್ತವೆ. ಮೊದಲು ಸಣ್ಣ ಯಂತ್ರದಿಂದ ಹಲ್ಲನ್ನು ಮೂರು ತುಂಡು ಮಾಡಿ, ಒಂದೊಂದು ಬೇರನ್ನು ಬೇರೆಯಾಗಿ ತೆಗೆಯಬೇಕು. ಹೊಸ ಡಾಕ್ಟರ ಕೈ ಇದರಲ್ಲಿ ಬಹಳ ಚೊಕ್ಕ, ಅದನ್ನು ಒಪ್ಪಿಕೊಳ್ಳಬೇಕು. ಒಂದು ಚೂರೂ ಒಳಗೆ ಉಳಿಯದಂತೆ ತೆಗೆದು, ಹೊಲಿಗೆ ಹಾಕಿ, ಮೂರು ತುಂಡನ್ನು ತಟ್ಟೆಯಲ್ಲಿಟ್ಟು ಹೆಮ್ಮೆಯಿಂದ ಚಾಚಾನ ಮುಂದೆ ಹಿಡಿದರು.

ಚಾಚಾ ಒಂದು, ಎರಡು, ಮೂರು ಎಂದು ಎಣಿಸಿದ. ಅವನ ಮುಖ ಕೆಂಪಾಯಿತು. ಒಂದು ಎಂದು ಹೇಳಿ ಮೂರು ಕಿತ್ತಿದ್ದಾರೆ ಎಂದು ಬಾಗಿಲಿಗೆ ಹೋಗಿ ಕೂಗಿದ. ರಸ್ತೆಯಲ್ಲಿದ್ದ ನಾಲ್ಕು ಜನ ದೋಣಿಯವರು ಒಳಗೆ ಬಂದರು. ಅವರೂ ಎಣಿಸಿದರು. ಎಲ್ಲರಿಗೂ ಮೂರೇ ಬಂತು. ಹೊಸ ಡಾಕ್ಟರು ಬೇರು, ಯಂತ್ರ, ಕತ್ತರಿಸುವುದು ಎಂದು ವಿವರಿಸಲು ನೋಡಿದಷ್ಟೂ ಅವರ ಅನುಮಾನ ಹೆಚ್ಚಿತು. ಒಬ್ಬ, ಹೊಸಬರಿಗೆ ಯಾವ ಹಲ್ಲು ಎಂದು ಗೊತ್ತಾಗದೆ ಹುಡುಕಿ ಹುಡುಕಿ ಕಿತ್ತಿರಬೇಕು ಎಂದೂ ಹೇಳಿಬಿಟ್ಟ.

ನಾನು ಹೊಸ ಡಾಕ್ಟರಿಗೆ, ತಟ್ಟೆಯನ್ನು ಅಲುಗಾಡಿಸದೆ ಹಿಡಿದುಕೊಳ್ಳಿ ಎಂದೆ. ಮೂರೂ ತುಂಡು ತೊಳೆದು, ಒಂದರ ಅಂಚಿಗೆ ಒಂದನ್ನು ಹೊಂದಿಸಿ, ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಮೇಲೆ ಒಂದೇ ಹಲ್ಲು, ಕೆಳಗೆ ಮೂರು ಕಾಲು. ಹಾರಿಹೋದ ಪದರದ ಜಾಗವನ್ನೂ ತೋರಿಸಿದೆ. ಆಮೇಲೆ ಬೆರಳು ಸಡಿಲಿಸಿದೆ, ಮೂರಾಯಿತು. ಒತ್ತಿದೆ, ಒಂದಾಯಿತು. ದೋಣಿಯವರು ಒಬ್ಬೊಬ್ಬರಾಗಿ ತಾವೂ ಒತ್ತಿ ಬಿಟ್ಟು ನೋಡಿದರು. ಚಾಚಾ ನಾಲ್ಕು ಸಲ ನೋಡಿದ. ಅಷ್ಟು ಹೊತ್ತೂ ಹೊಸ ಡಾಕ್ಟರು ತಟ್ಟೆ ಹಿಡಿದು ಅಲುಗಾಡದೆ ನಿಂತಿದ್ದರು.

ಚಾಚಾನ ಕೋಪ ಇಳಿದು ಅಕ್ಕರೆ ಬಂತು. ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. ನನಗೆ ಕೈಮುಗಿದ. ಹೊರಡುವಾಗ ಹೊಸ ಡಾಕ್ಟರ ಭುಜ ತಟ್ಟಿದ.

“ಒಳ್ಳೆ ಜಾಗದಲ್ಲಿ ಕೆಲಸ ಕಲಿಯುತ್ತಿದ್ದೀಯ ಮಗಾ. ಮಾತಾಜಿ ಹೇಳಿದ ಹಾಗೆ ಕೇಳು, ಮುಂದೆ ಬರುತ್ತೀಯ. ಬಂದು ಎಷ್ಟು ದಿನವಾಯಿತು?”

ಹೊಸ ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು. ತಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು.

“ಎರಡು ತಿಂಗಳಾಯಿತು ಚಾಚಾ. ಈಗ ತಾನೇ ತಟ್ಟೆ ಹಿಡಿಯಲು ಬಿಟ್ಟಿದ್ದಾರೆ.”